ಮಾತ್ರೆ ನುಂಗಿದ ಮೇಲಿನ ಒಂದು ಗಂಟೆ

ಬೆಳಿಗ್ಗೆ ಆರೂವರೆ. ಮೂಡುಬಿದಿರೆಯ ಹೊರಗೆ, ಪುತ್ತಿಗೆ ದಾರಿಯ ಪುಟ್ಟ ವ್ಯಸನಮುಕ್ತಿ ಕೇಂದ್ರದಲ್ಲಿ ನರ್ಸ್ ಅಕ್ಷಿತಾ ಒಬ್ಬನ ರಕ್ತದೊತ್ತಡ ನೋಡಿ ಮಾತ್ರೆ ಕೊಡುತ್ತಾಳೆ. ಆಮೇಲಿನ ಒಂದು ಗಂಟೆ ಆಯಾ ಸಫಿಯಮ್ಮನದು. ಗಂಜಿ ಬಡಿಸಿ, ಅವನು ಹೇಳುವುದನ್ನು ಕೇಳಲು ಪಕ್ಕದಲ್ಲಿ ಕೂರುತ್ತಾರೆ.

ಅರುವತ್ತೊಂದರ ಈಕೆ ಓದಿದ್ದು ಮೂರನೇ ಕ್ಲಾಸು. ಸಿದ್ಧಕಟ್ಟೆಯಿಂದ ಮೊದಲ ಬಸ್ಸಿಗೆ ಬರುತ್ತಾರೆ. ಒಂಬತ್ತು ವರ್ಷದಿಂದ ದಿನಾ ಹದಿನಾಲ್ಕು ಹಾಸಿಗೆ ಕೊಡವುತ್ತಾರೆ. ತಮ್ಮ ಬದ್ರುದ್ದೀನ್ ಅಮಲಿನಲ್ಲೇ ತೀರಿಹೋದ ಮೇಲೆ ಹಿಡಿದ ಕೆಲಸ. "ಅವನ ಮಾತು ಯಾರೂ ಕೂತು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಮಾತ್ರೆ ಎದೆಬಡಿತ ತಗ್ಗಿಸುವ ಹಳೆಯ ಮದ್ದು. ಅದು ನೆನಪನ್ನು ಅಳಿಸುವುದಿಲ್ಲ. ಅದನ್ನು ನುಂಗಿ, ಅಮಲಿನ ನೆನಪನ್ನು ಎಬ್ಬಿಸಿ ಹೇಳಿದರೆ ಅದರ ಸೆಳೆತ ಸಡಿಲವಾಗಬಹುದು ಎನ್ನುತ್ತಾರೆ ಡಾಕ್ಟರ್ ಶಶಿರಾಜ್. ಎಲ್ಲರಿಗೂ ಹಿಡಿಯುವುದಿಲ್ಲ ಎಂದೂ ಹೇಳುತ್ತಾರೆ.

ಬಸ್ ಕಂಡಕ್ಟರ್ ನಿಝಾಮನಿಗೆ ಮೊದಲು ಹಿಡಿಯಲಿಲ್ಲ. ವೇಣೂರು ಸೇತುವೆ ಬಳಿಯ ಮುಚ್ಚಿದ ಅಂಗಡಿಯ ಹಿಂದೆ ಅವನು ಅಮಲಿನ ಪುಡಿಯ ಹೊಗೆ ಎಳೆಯುತ್ತಿದ್ದ. ದಿನಕ್ಕೆ ಎಂಟು ಸಲ ಅದೇ ಸೇತುವೆ ದಾಟಬೇಕು. ಅಂಗಡಿ ಕಂಡರೆ ಇಳಿದುಬಿಡುತ್ತಿದ್ದ. ಇನ್ನೊಮ್ಮೆ ಇಳಿದರೆ ಕೆಲಸವಿಲ್ಲ ಎಂದಿದ್ದರು ಮಾಲಕರು.

ಎರಡು ವಾರ ಅವನು ಆ ನೆನಪನ್ನು ಕನ್ನಡದಲ್ಲಿ ಬರೆದು ಓದಿದ. ಮುಖದ ಗೆರೆ ಕೂಡ ಬದಲಾಗಲಿಲ್ಲ. ಸಫಿಯಮ್ಮ ಡಾಕ್ಟರರ ಬಳಿ ಹೋದರು. "ಅದು ಪರೀಕ್ಷೆಗೆ ಬರೆದ ಪ್ರಬಂಧದ ಹಾಗೆ ಉಂಟು ಡಾಕ್ಟ್ರೇ. ಇವ ಹೊಗೆ ಎಳೆದದ್ದು ಕನ್ನಡದಲ್ಲಾ?" ಡಾಕ್ಟರು ನಕ್ಕರು, ಆಮೇಲೆ ಒಪ್ಪಿದರು.

ಮೂರನೇ ವಾರ ನಿಝಾಮ್ ಮನೆಯ ಬ್ಯಾರಿ ಮಾತಿನಲ್ಲಿ ಹೇಳತೊಡಗಿದ. ಹೊಗೆಯ ವಾಸನೆ ಬರುತ್ತಿದೆ ಎಂದ, ಬೆವರಿದ. ಮಗನನ್ನು ಕರೆಯುವ ಹಾಗೆ 'ಸಾಕು ಮೋನೆ' ಎಂದು ತಡೆಯುವ ಆಸೆ ಸಫಿಯಮ್ಮನಿಗೆ. ಆದರೆ ತಡೆದರೆ ನೆನಪು ಅರ್ಧಕ್ಕೇ ನಿಲ್ಲುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೆ ಕೂತರಂತೆ. ಹಾಗೆ ಇನ್ನೂ ಮೂರು ವಾರ.

ನಾಲ್ಕು ತಿಂಗಳಾಯಿತು, ನಿಝಾಮ್ ಸೇತುವೆಯ ಬಳಿ ಇಳಿದಿಲ್ಲ. ಅಂಗಡಿ ನೆನಪಿದೆ, ಆದರೆ ಕರೆಯುವುದಿಲ್ಲ ಎನ್ನುತ್ತಾನೆ. ಹೆಂಡತಿ ಶಾಹಿದಾ ಶುಕ್ರವಾರ ತಪ್ಪದೆ ಸಫಿಯಮ್ಮನಿಗೆ ಅಕ್ಕಿರೊಟ್ಟಿ ಕಳಿಸುತ್ತಾಳೆ. "ಮನೆಯಲ್ಲಿ ನಾವು ಆ ಮಾತೇ ಎತ್ತುತ್ತಿರಲಿಲ್ಲ. ಅವರು ಕೂತು ಕೇಳಿದ್ರು. ನಾವು ಏನು ಕೊಟ್ರೂ ಕಡಿಮೆಯೇ."

ಸಫಿಯಮ್ಮನಿಗೆ ನಾಚಿಕೆ. "ಸುಮ್ಮನೆ ಕೂತದ್ದಕ್ಕೂ ಹೊಗಳುವುದಾ ಮಾರಾಯ್ರೆ?"

ಆಸೆ ಏನಾದರೂ ಉಂಟಾ ಎಂದರೆ ಒಂದೇ ಉಂಟಂತೆ. ಒಮ್ಮೆ ನಿಝಾಮನ ಬಸ್ಸಿನಲ್ಲಿ ವೇಣೂರು ದಾಟಬೇಕು, ಟಿಕೆಟು ಅವನೇ ಹರಿದುಕೊಡಬೇಕು.

"ಸೇತುವೆ ಬರುವಾಗ ಅವನ ಮುಖ ನೋಡುವುದಿಲ್ಲ. ನನ್ನ ಹೆದರಿಕೆ ಅವನಿಗೆ ಕಾಣಬಾರದು. ನಾನು ಹೊಳೆ ನೋಡ್ತೇನೆ."