ಕಾಲುವೆಯ ಬಾಗಿಲು ಕಾಯುತ್ತಿದ್ದವರು

ತೊಂಬತ್ತರ ದಶಕದ ಕೊನೆಯಲ್ಲಿ, ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ನಾನು ದಿನವೂ ಸೈಕಲ್ಲಿನಲ್ಲಿ ದಾಟುತ್ತಿದ್ದ ಕಾಲುವೆಗೆ ನೀರು ತಡೆಯುವ ಎರಡು ಮರದ ಬಾಗಿಲುಗಳಿದ್ದವು. ದೋಣಿ ಬಂದರೆ ಚಕ್ರ ತಿರುಗಿಸಿ ಅವನ್ನು ತೆರೆಯುವ ಮುದುಕರೊಬ್ಬರಿದ್ದರು. ಮೊದಲ ದಿನ ನಾನು ನಿಂತು ನೋಡುತ್ತಿದ್ದಾಗ ಅವರು ಎರಡೂ ಕೈಗಳ ಬೆರಳ ತುದಿ ಜೋಡಿಸಿದರು. ನಾನೂ ಗೌರವದಿಂದ ಕೈಮುಗಿದೆ.

ಅವರು ಜೋರಾಗಿ ನಕ್ಕರು. "ಇದು ನನ್ನ ಬಾಗಿಲು! ಹೀಗೆ ಓರೆಯಾಗಿ ಕೂಡಿದ್ರೆ, ಒತ್ತೋ ನೀರೇ ಅದನ್ನ ಬಿಗಿ ಮಾಡುತ್ತೆ. ಐನೂರು ವರ್ಷದ ಹಿಂದೆ ಇಟಲಿಯ ಚಿತ್ರಕಾರ ಹಾಕಿದ ನಕ್ಷೆ. ಅವನು ಬರೆದ ಹೆಂಗಸಿನ ನಗು ನೋಡೋಕೆ ಜನ ಕ್ಯೂ ನಿಲ್ತಾರೆ. ಬಾಗಿಲು ನೋಡೋಕೆ ಯಾರೂ ಬರಲ್ಲ."

ಆಮೇಲೆ ದಿನವೂ ಅವರು ಬಾಗಿಲು ತೋರಿಸುವರು, ನಾನು ಕೈಮುಗಿಯುವೆ. "ಯಾರೂ ಬರಲ್ಲ" ಎಂದು ಗೊಣಗುವುದಂತೂ ತಪ್ಪಲಿಲ್ಲ.

ಮರದ ಬಾಗಿಲು ಕಿತ್ತು ಮೋಟಾರಿನದು ಹಾಕುವುದೆಂದು ನಿಶ್ಚಯವಾಯಿತು. "ಶನಿವಾರ ಹತ್ತಕ್ಕೆ ಕೊನೇ ದೋಣಿ. ನೀವೇ ಚಕ್ರ ತಿರುಗಿಸಿ, ಬರ್ತೀರಾ?" ಎಂದರು. ಅಂದೇ ಬೇರೆ ಊರಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ ಕನ್ನಡದವರ ಮನೆಯ ಊಟವಿತ್ತು. ಹಿರಿಯರ ಮುಖಕ್ಕೆ ಆಗುವುದಿಲ್ಲ ಎನ್ನುವುದು ಹೇಗೆ? "ಖಂಡಿತ ಬರ್ತೀನಿ" ಎಂದೆ. ನಮ್ಮ ಕಡೆ ಅಂಥ ಮಾತನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಅವರು ಜೇಬಿನಿಂದ ಡೈರಿ ತೆಗೆದು ಬರೆದುಕೊಂಡರು.

ಸೋಮವಾರ ಬಾಗಿಲೂ ಇರಲಿಲ್ಲ, ಅವರೂ ಇರಲಿಲ್ಲ. ಮೋಟಾರು ಕೂರಿಸುತ್ತಿದ್ದವನು ನನ್ನನ್ನು ನೋಡಿ ಕೇಳಿದ: "ಅದು ನೀವೇನಾ? ನಿಮಗೋಸ್ಕರ ದೋಣೀನ ಒಂದು ಗಂಟೆ ನಿಲ್ಲಿಸ್ಕೊಂಡಿದ್ರು. ಬರ್ತಾರೆ, ಬರ್ತಾರೆ ಅಂತಾನೇ ಇದ್ರು."