ಹನಕೆರೆಯಲ್ಲಿ ಜಪಾನಿನ ನಡಿಗೆ

ರೈಲು ಮದ್ದೂರು ಬಿಟ್ಟಿತ್ತು. ಮೂರನೇ ದರ್ಜೆಯ ಎದುರು ಸೀಟಿನಲ್ಲಿ ಗೌಡರೊಬ್ಬರ ಪಕ್ಕ ಕೂತಿದ್ದ ಅವರ ಹೆಂಡತಿ, ನನ್ನ ಪತ್ರಿಕೆಯಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದ ದಂಪತಿಯ ಚಿತ್ರಕ್ಕೆ ಬೆರಳಿಟ್ಟು, "ಯಾವ ದೇಸದೋರವ್ವಾ ಇವ್ರು?" ಎಂದರು.

"ಜಪಾನಿನವರು. ಹಿಂದಿನ ಕಾಲದಲ್ಲಿ ಅಲ್ಲಿ ಹೆಂಡತಿ ಗಂಡನ ಹಿಂದೆಯೇ ನಡೆಯಬೇಕಿತ್ತಂತೆ" ಎಂದೆ.

ಗೌಡರು ಮೀಸೆ ತಿರುವಿದರು. "ಕೇಳುಸ್ಕಂಡೇನಮ್ಮಿ? ದೇಸ ಅಂದ್ರೆ ಅದು!"

"ಸರಿಯಾಗೇ ಅದೆ ಬುಡಿ. ನೇಗ್ಲು ಹಿಡ್ದೋರು ಎತ್ತಿನ ಹಿಂದೆ ತಾನೆ ನಡಿಯಾದು?" ಎಂದರು ಆಕೆ.

ಹನಕೆರೆ ಬಂತು. ಇಬ್ಬರೂ ಇಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೌಡರು ಜಪಾನಿನ ಗತ್ತಿನಲ್ಲಿ ಎದೆಯುಬ್ಬಿಸಿ ಮುಂದೆ ನಡೆದರು, ಗಂಟು ಹೊತ್ತ ಹೆಂಡತಿ ಹಿಂದೆ. ನಿಲ್ದಾಣದಾಚೆಯ ಹೆಂಡದಂಗಡಿ ಕಡೆಗೆ ಗೌಡರ ಕಾಲು ವಾಲುತ್ತಿದ್ದಂತೆ ಹಿಂದಿನಿಂದ ಒಂದೇ ಕೂಗು ಬಂತು: "ಹೋಯ್!"

ಹಿಂತಿರುಗಿಯೂ ನೋಡದೆ ಗೌಡರು, ಸಾಲು ಮುಗಿದ ಎತ್ತಿನಂತೆ, ಊರ ದಾರಿಗೆ ಹೊರಳಿದರು.