ನೋಡಿದೆ ಅತ್ತಿಗೆ

ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಕೂರುತ್ತಿದ್ದ ನೋಟರಿಗೆ ಹೆತ್ತವರು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಗಿರಾಕಿಗಳು ಮಾತ್ರ ಅಸಲಮ್ಮ ಎನ್ನುತ್ತಿದ್ದರು. ಹೊರದೇಶಕ್ಕೆ ಹೊರಟವರು ಪದವಿ ಪತ್ರ, ಮದುವೆ ಪತ್ರಗಳ ನಕಲು ಹಿಡಿದು ಮೆಟ್ಟಿಲು ಹತ್ತಿದರೆ, ಕೂರಿ ಅನ್ನುವ ಮೊದಲೇ ಆಕೆ ಕೇಳುತ್ತಿದ್ದದ್ದು "ಅಸಲು ಎಲ್ಲಿ?" ಎಂದು. ಬೇರೆ ಕಡೆ ಮಾಡಿಸಿದ ನಕಲನ್ನು ಮುಟ್ಟುತ್ತಲೂ ಇರಲಿಲ್ಲ. ಅಸಲನ್ನು ಮೊದಲು ಆಕೆಗೆ ತೋರಿಸಿ, ಆಮೇಲೆ ಕೆಳಗೆ ನನ್ನ ಜೆರಾಕ್ಸ್ ಅಂಗಡಿಗೆ ಬರಬೇಕು. ಹಾಗಾಗಿ ಆಕೆಯ ಹಟವನ್ನು ನಾನು ಎಂದೂ ದೂರಿದವನಲ್ಲ.

ಅಸಲು ಕೈಗೆ ಬಂದರೆ ಕಿಟಕಿಯ ಬೆಳಕಿಗೆ ಹಿಡಿಯುವರು. ಉಬ್ಬು ಮುದ್ರೆಯ ಮೇಲೆ ಹೆಬ್ಬೆರಳು ಸವರುವರು, ಬಟ್ಟೆ ಅಂಗಡಿಯಲ್ಲಿ ಅಂಚು ಮುಟ್ಟಿ ಬೆಲೆ ಊಹಿಸುವವರ ಹಾಗೆ. ನಕಲನ್ನು ಸಾಲು ಸಾಲಾಗಿ ತಾಳೆ ನೋಡಿ, ಹಾಳೆಗಳನ್ನು ದಾರದಲ್ಲಿ ಹೊಲಿದು, ಆಮೇಲೆ ಮೊಹರು. ಒಮ್ಮೆ ದೊಡ್ಡ ಮನುಷ್ಯರೊಬ್ಬರು ಸಿಡಿದರು.

"ನಾನು ಯಾರು ಗೊತ್ತೇನ್ರೀ?"

"ಗೊತ್ತಾಗಬೇಕಲ್ಲ ಸಾರ್, ಅದಕ್ಕೂ ಒಂದು ಅಸಲು ತನ್ನಿ."

ಪಕ್ಕದ ಮೇಜು ನಾದಿನಿಯದು. ಗಂಡನ ತಂಗಿ, ಕೆಲಸ ಭಾಷಾಂತರ. ಇಲ್ಲಿಯ ಕಾಗದಗಳನ್ನು ಅಲ್ಲಿಯ ಭಾಷೆಗೆ ಇಳಿಸುವುದು. ಮನೆಯೂ ಒಂದೇ, ಕೆಳಗೆ ಅಣ್ಣ ಅತ್ತಿಗೆ, ಮೇಲೆ ಅವಳು. ಬರುವ ಸ್ಕೂಟರ್ ಒಂದೇ, ಊಟದ ಡಬ್ಬಿಯೂ ಒಂದೇ. ಭಾಷಾಂತರ ಮಾಡುವವಳು ಅಸಲನ್ನು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಓದಲೇಬೇಕಲ್ಲ? ಹಾಗಾಗಿ ಮೆಟ್ಟಿಲವರೆಗೂ ಸಾಲು ನಿಂತ ದಿನಗಳಲ್ಲಿ ಇಬ್ಬರ ನಡುವೆ ಒಂದು ಸುಲಭ ದಾರಿ ಬೆಳೆದಿತ್ತು. ನಾದಿನಿ ಕಟ್ಟನ್ನು ಈ ಮೇಜಿಗೆ ಸರಿಸಿ, "ನೋಡಿದೆ ಅತ್ತಿಗೆ" ಎನ್ನುವಳು. ಅಸಲಮ್ಮ ಮೊಹರು ಒತ್ತುವರು. ನ್ಯಾಯಾಧೀಶರ ಸಹಿಯನ್ನೂ ಬೆಳಕಿಗೆ ಹಿಡಿಯುತ್ತಿದ್ದ ಹೆಂಗಸು ಆ ಮಾತನ್ನು ಮಾತ್ರ ಹಾಗೇ ತೆಗೆದುಕೊಳ್ಳುತ್ತಿದ್ದರು. ನಾನು ನನ್ನ ತಮ್ಮನನ್ನೂ ಅಷ್ಟು ನಂಬಿದವನಲ್ಲ. ಅಂಗಡಿ ಇನ್ನೂ ನನ್ನ ಹೆಸರಲ್ಲಿರುವುದು ಅದಕ್ಕೇ.

ಅಂಥದೇ ಗಡಿಬಿಡಿಯ ಮಧ್ಯಾಹ್ನ ನಾದಿನಿಯ ಅಳಿಯನ ನರ್ಸಿಂಗ್ ಪದವಿ ಪತ್ರ ಬಂತು. ಹೊರದೇಶದ ಆಸ್ಪತ್ರೆಯೊಂದರ ಕೆಲಸಕ್ಕೆ. ನಕಲು ನನ್ನ ಯಂತ್ರದ್ದಾಗಿರಲಿಲ್ಲ. ಮನೆಯವರ ಕಾಗದ ಎಂದು ಅಸಲಮ್ಮ ಅದನ್ನೂ ಕೇಳಲಿಲ್ಲ.

"ನೋಡಿದೆ ಅತ್ತಿಗೆ."

"ಹೋದ ಮೇಲೆ ನಮ್ಮನ್ನೆಲ್ಲ ಮರೀಬೇಡ ಅಂತ ಹೇಳೇ ಅವನಿಗೆ," ಎಂದು ನಗುತ್ತಲೇ ಒತ್ತಿದರು.

ಅಳಿಯ ಹೋದ. ಆದರೆ ಆ ಆಸ್ಪತ್ರೆ ಕಾಲೇಜನ್ನೇ ವಿಚಾರಿಸಿತು, ಅಂಥ ಪತ್ರ ನಾವು ಕೊಟ್ಟೇ ಇಲ್ಲ ಎಂದು ಕಾಲೇಜು ಬರೆಯಿತು. ನೋಟರಿಗಳಿಗೆ ಪರವಾನಗಿ ಕೊಡುವ ಕಚೇರಿಯಿಂದ ಅಸಲಮ್ಮನಿಗೆ ಕರೆ ಬಂತು. ಮೊಹರು ಉಳಿಯುತ್ತದೋ ಹೋಗುತ್ತದೋ ಎನ್ನುವ ಪ್ರಶ್ನೆ. ನಾನು ಕಾಗದದ ಬಂಡಲು ಕೊಡಲು ಮೇಲೆ ಹೋದಾಗ ಆಕೆ ಇನ್ನೂ ನಿರಾಳವಾಗಿಯೇ ಇದ್ದರು.

"ಕಾಲೇಜಿನವರು ಏನೋ ಎಡವಟ್ಟು ಮಾಡ್ಕೊಂಡಿದಾರೆ ಕಣೆ. ಅವನ ಅಸಲು ತಗೊಂಡು ಬಾ, ನಾಳೆ ತೋರಿಸಿಬಿಡ್ತೀನಿ."

ನಾದಿನಿ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. "ಅಸಲು ಇಲ್ಲ ಅತ್ತಿಗೆ."

"ಕಳೆದು ಹೋಯ್ತಾ?"

"ಇರ್ಲೇ ಇಲ್ಲ. ಕೊನೇ ಪರೀಕ್ಷೆ ಅವನು ಪಾಸಾಗಿಲ್ಲ."

"ನೋಡಿದೆ ಅಂದ್ಯಲ್ಲೇ!"

"ಮಗಳ ಬಾಳು ಅತ್ತಿಗೆ. ನಿಜ ಹೇಳಿದ್ರೆ ನೀವು ಒತ್ತುತ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಇಷ್ಟು ನೇರವಾಗಿ ನಮ್ಮ ಪೇಟೆಯಲ್ಲೂ ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ನಾನು ಬಂಡಲು ಇಟ್ಟು ಇಳಿದು ಬಂದೆ.

ಮುಂದಿನದನ್ನು ಅಸಲಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡದ್ದು. ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಆ ಮಹಾರಾಯ ಬೆಚ್ಚಿಬೀಳಲೂ ಇಲ್ಲವಂತೆ.

"ನಿಮಗೆ ಗೊತ್ತಿತ್ತಾ?"

"ಅವಳು ಅಳ್ತಾ ಬಂದ್ಲು. ನಿನ್ನ ಮೊಹರು ಬಿದ್ರೆ ಯಾರೂ ಮತ್ತೆ ಕೇಳಲ್ಲ ಅಂದ್ಕೊಂಡ್ವಿ."

"ಯಾರ್ಯಾರು ಸೇರಿ ಅಂದ್ಕೊಂಡ್ರಿ?"

ಗಂಡ ಟಿವಿಯ ಸದ್ದು ತಗ್ಗಿಸಿದನಂತೆ.

ವಿಚಾರಣೆಗೆ ಇಬ್ಬರನ್ನೂ ಕರೆದಿದ್ದರು. ನಾದಿನಿ ತಲೆ ಎತ್ತದೆ, "ನಾನು ಭಾಷಾಂತರ ಮಾತ್ರ ಮಾಡೋಳು ಸಾರ್. ಅಸಲು ನೋಡೋದು ನೋಟರಿ ಕೆಲಸ," ಎಂದಳು. ಕಾನೂನಿನಲ್ಲಿ ಅಕ್ಷರ ಅಕ್ಷರವೂ ನಿಜ. ಅಧಿಕಾರಿ ಒಳ್ಳೆಯವರಿರಬೇಕು, ದಾರಿ ತೋರಿಸಿದರು. "ನಿಮಗೆ ಯಾರಾದ್ರೂ ಸುಳ್ಳು ಅಸಲು ತೋರಿಸಿ ಮೋಸ ಮಾಡಿದ್ರೆ ಅದು ಬೇರೆ ಮಾತು ಮೇಡಂ." ಹೂಂ ಅಂದಿದ್ದರೆ ಮೊಹರು ಉಳಿಯುತ್ತಿತ್ತು.

"ಯಾವುದನ್ನೂ ತೋರಿಸಿಲ್ಲ. ನಾನೂ ಕೇಳಿಲ್ಲ," ಎಂದರು ಅಸಲಮ್ಮ.

ವರ್ಷದ ಮಟ್ಟಿಗೆ ಪರವಾನಗಿ ಅಮಾನತಾಯಿತು. ಮೊಹರನ್ನು ಅಲ್ಲೇ ಮೇಜಿನ ಮೇಲೆ ಇಟ್ಟು ಬಂದರು. ಅಳಿಯನನ್ನು ಆಸ್ಪತ್ರೆಯವರು ವಾಪಸು ಕಳಿಸಿದರು.

ವಾರ ಕಳೆಯುವುದರೊಳಗೆ ಮಹಡಿಯಲ್ಲಿ ಬೇರೊಬ್ಬ ನೋಟರಿ ಕೂತಿದ್ದ. ಹುಡುಕಿ ಕರೆತಂದವಳು ನಾದಿನಿಯೇ. ಇದು ತಿಳಿದ ಮರುದಿನ ಅಸಲಮ್ಮ ನನ್ನ ಅಂಗಡಿ ಮುಂದೆ ನಿಂತು, "ಸ್ವಲ್ಪ ಕೈ ಜೋಡಿಸ್ತೀರಾ?" ಎಂದರು. ಇಬ್ಬರೂ ಮೇಲೆ ಹೋದೆವು.

"ಏಳ್ತೀರಾ ಸಾರ್? ಈ ಕುರ್ಚಿ ನಂದು."

ಹೊಸಬ ತಬ್ಬಿಬ್ಬಾಗಿ ಎದ್ದ. ನಾದಿನಿ ಓಡಿ ಬಂದಳು.

"ಜಾಗ ಖಾಲಿ ಬಿಡೋದು ಬೇಡ ಅಂತ ಕೂರಿಸ್ಕೊಂಡೆ ಅಷ್ಟೇ ಅತ್ತಿಗೆ. ವರ್ಷ ಕಳೀಲಿ, ನೀವೇ ಬರ್ತೀರಲ್ಲ. ಕುರ್ಚಿ ಬೇಕಿದ್ರೆ ಸಂಜೆ ನಾನೇ ಮನೆಗೆ ತರ್ತಿದ್ದೆ."

"ಮನೆಗಲ್ಲ. ಬೇರೆ ಕಡೆ ರೂಮು ಹಿಡಿದಿದೀನಿ."

"ಮತ್ತೆ ಅಣ್ಣ?"

"ನಿಮ್ಮಣ್ಣನಿಗೇನು, ನೀನಿದೀಯಲ್ಲ."

ಆಕೆ ಕುರ್ಚಿಯ ಬೆನ್ನು ಹಿಡಿದರು, ನಾನು ಕಾಲು ಹಿಡಿದೆ. ಮೇಲಿನಿಂದ ನಾದಿನಿ ಕರೆಯುತ್ತಲೇ ಇದ್ದಳು. ಅಸಲಮ್ಮ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗದಂತೆ ಕುರ್ಚಿಯನ್ನು ಓರೆ ಮಾಡುವುದರಲ್ಲಿದ್ದರು.